ಕುಣಿಗಲ್ ಏರಿಯಿಂದ ಹೊರಟ ಗುರುತು

ತುಮಕೂರಿನ ಶೆಟ್ಟಿಹಳ್ಳಿಯ ಕರಿಬಸವಯ್ಯನವರು ನಮ್ಮ ಹವ್ಯಾಸಿ ರೇಡಿಯೊ ಕ್ಲಬ್ಬಿಗೆ ಎಲ್ಲರಿಗಿಂತ ಹಿರಿಯರು, ನಮಗೆಲ್ಲ ಯಜಮಾನರು. ಆ ಸಂಜೆ ಅವರ ಮಹಡಿಯ ರೇಡಿಯೊ ಕೋಣೆಯಲ್ಲಿ ನಾಲ್ಕಾರು ಜನ ಸೇರಿದ್ದೆವು. ಮಧ್ಯಾಹ್ನ ಹಿಡಿದ ಮಳೆ ಬಿಟ್ಟಿರಲಿಲ್ಲ, ಕರೆಂಟು ಹೋಗಿತ್ತು. ಬ್ಯಾಟರಿಯ ಮೇಲೆ ಓಡುತ್ತಿದ್ದ ಕಂಪ್ಯೂಟರಿನಲ್ಲಿ ತುಮಕೂರು ಜಿಲ್ಲೆಯ ನಕ್ಷೆಯೊಂದೇ ಬೆಳಕು. ಕ್ಲಬ್ಬಿನ ಕಾರ್ಯದರ್ಶಿ ಅಂಜನ್‌ಕುಮಾರ್ ಹೊರಡಲು ಎದ್ದ. ಯಜಮಾನರು ಅವನನ್ನು ಕೂರಿಸಿ, ಯಾರ ಮುಖವನ್ನೂ ನೋಡದೆ ಶುರು ಮಾಡಿದರು.

“ಕುಣಿಗಲ್ಲಿನ ರಂಗನಾಥ್ ನಿಮ್ಮಲ್ಲಿ ಹೊಸಬರಿಗೆ ಗೊತ್ತಿಲ್ಲ. ಅವನ ಜೀಪಲ್ಲಿ ಒಂದು ಟ್ರ್ಯಾಕರ್ ಡಬ್ಬಿ ಇತ್ತು ಕಣ್ರಪ್ಪ... ತಾನೆಲ್ಲಿದೀನಿ ಅಂತ ಅದು ಆಗಾಗ ರೇಡಿಯೋಲಿ ಹೇಳೋದು, ಇಲ್ಲಿ ನಕ್ಷೆ ಮೇಲೆ ಅವನ ಹೆಸರಿನ ಗುರುತು ಮೂಡೋದು. ಗುಬ್ಬಿ ಪ್ರಭುದೇವನಿಗೂ ಅವನಿಗೂ ಆಗ್ತಿರ್ಲಿಲ್ಲ. ಯಾಕೆ ಅಂತೀರಾ? ಪ್ರಭುದೇವ ರೇಡಿಯೋಲಿ ಬೇರೆಯವರ ಮಾತಿನ ಮಧ್ಯೆ ನುಗ್ಗಿ ಗಲಾಟೆ ಮಾಡ್ತಾನೆ ಅಂತ ರಂಗನಾಥ್ ಕಂಪ್ಲೇಂಟ್ ಕೊಟ್ಟು, ಅವನ ಲೈಸೆನ್ಸ್ ಕೆಲವು ತಿಂಗಳು ಅಮಾನತ್ತಾಗಿತ್ತು.

“ಕೆರೆಗಳೆಲ್ಲ ಕೋಡಿ ಬಿದ್ದ ವರ್ಷ ನಾನು ಕಣ್ಣಿನ ಆಪರೇಷನ್ ಮಾಡಿಸ್ಕೊಂಡು ಮಲಗಿದ್ದೆ. ತುಮಕೂರಿನ ನೆರೆ ಕಂಟ್ರೋಲ್ ರೂಮಲ್ಲಿ ನಕ್ಷೆ ನೋಡ್ಕೊಂಡು ಪ್ರಭುದೇವ ಕೂತಿದ್ದ, ರಂಗನಾಥ್ ನೀರು ನೋಡೋಕೆ ಕುಣಿಗಲ್ ದೊಡ್ಡಕೆರೆ ಏರಿ ಮೇಲೆ ಹೋದ. ಗುರುತು ಏರಿ ಪಕ್ಕಕ್ಕೆ ಸರಿದು ನಿಂತುಬಿಡ್ತು. ಆಮೇಲೆ ಕೆಂಪಗಾಯ್ತು... ಅಪಾಯದಲ್ಲಿದೀನಿ ಅಂತ ಒತ್ತೋ ಬಟನ್ ಅದು. ಪ್ರಭುದೇವ ಏನ್ಮಾಡ್ದ? ಅಲಾರಂ ಸದ್ದು ಆರಿಸಿ, ‘ಟೀ ಕುಡೀತಾ ಕೂತವ್ನೆ, ಬುಡು’ ಅಂದನಂತೆ. ಪಕ್ಕದಲ್ಲಿದ್ದೋನು ನಕ್ಕನಂತೆ. ಜೀಪು ಕಾಲುವೆಗೆ ಮಗುಚಿ, ರಂಗನಾಥನ ಕಾಲು ಸಿಕ್ಕಿಹಾಕ್ಕೊಂಡು, ನೀರು ಸೊಂಟ, ಎದೆ, ಗಂಟಲು ಅಂತ ನಿಧಾನಕ್ಕೆ ಏರ್ತಾ ಇದ್ದಷ್ಟು ಹೊತ್ತೂ ಆ ಕೆಂಪು ಗುರುತು ಇವರ ಕಣ್ಣೆದುರಿಗೇ ಇತ್ತು.

“ಕೆಟ್ಟುಹೋದ ಡಬ್ಬೀನ ಅವರಮ್ಮ ದೊಡ್ಡಗಂಗಮ್ಮ ಮಗನ ಜೊತೇಲೇ ಮಣ್ಣಿಗೆ ಹಾಕ್ಸಿದ್ಲು. ಮುಂದಿನ ಮಳೆಗೆ ನಕ್ಷೆ ಮೇಲೆ, ಏರಿ ಪಕ್ಕದ ಅದೇ ಜಾಗದಲ್ಲಿ ಗುರುತು ಮತ್ತೆ ಎದ್ದಿತು. ಯಾರೋ ಕಿಡಿಗೇಡಿ ಅಂತ ನಾನೇ ಆಂಟೆನಾ ಹಿಡ್ಕೊಂಡು ಹುಡುಕ್ಕೊಂಡು ಹೋದೆ. ಸಿಗ್ನಲ್ ಮುಖಕ್ಕೆ ಹೊಡೆಯೋ ಹಾಗೆ ಬರ್ತಿತ್ತು... ಎದುರಿಗೆ ಖಾಲಿ ಏರಿ. ನಾನು ನಿಂತಿದ್ದಂಗೇ ಅದು ನನ್ನನ್ನ ದಾಟ್ಕೊಂಡು ಮುಂದಕ್ಕೆ ಹೋಯ್ತು, ಮನುಷ್ಯ ನಡೆಯೋ ವೇಗದಲ್ಲಿ. ಮಳೆ ನಿಂತರೆ ನಿಲ್ಲೋದು, ಮತ್ತೆ ಬಂದರೆ ನಿಂತಲ್ಲಿಂದ್ಲೇ ಹೊರಡೋದು. ಯಾವ ಕಡೆಗೆ? ಗುಬ್ಬಿ ಕಡೆಗೆ.

“ಪ್ರಭುದೇವ ಹೆದರಿ ಬಂದು ಎಲ್ಲಾ ಹೇಳ್ಕೊಂಡ. ದೊಡ್ಡಗಂಗಮ್ಮನ ಹತ್ರ ಕರ್ಕೊಂಡು ಹೋದೆ, ಕಾಲಿಗೆ ಬಿದ್ದ. ಆಯಮ್ಮ ಕಾಲು ಹಿಂದಕ್ಕೆ ಎಳ್ಕೊಂಡು, ‘ನನ್ ಮಗ ನಿಂತಿದ್ದು ಕಾಣುಸ್ತಿತ್ತಲ್ಲಪ್ಪಾ ನಿಂಗೆ, ಈಗ ನಡ್ಕಂಡ್ ಬರೋದ್ನೂ ನೋಡು’ ಅಂದು ಬಾಗಿಲು ಹಾಕ್ಕೊಂಡ್ಲು.

“ಅವನು ಆಂಟೆನಾ ಇಳಿಸ್ದ, ಸೆಟ್ಟು ಮಾರ್ದ. ಏನು ಪ್ರಯೋಜನ? ಗುರುತು ಅವನ ತೋಟದ ಗೇಟು ದಾಟಿದ ಮಧ್ಯಾಹ್ನ ಅವನ ಹೆಂಡ್ತಿ ಮಾಲಿನಿ ಫೋನ್ ಮಾಡಿದ್ಲು. ಹೋಗಿ ನೋಡಿದ್ರೆ... ಕುರ್ಚೀಲಿ ಕೂತಂಗೇ ಹೋಗ್ಬಿಟ್ಟಿದಾನೆ. ಬಟ್ಟೆ ಒಣಗಿದೆ, ನೆಲ ಒಣಗಿದೆ. ಬಾಯಿಂದ ಮಾತ್ರ ಕೆಂಪು ಕೆರೆನೀರು ಜಿನುಗ್ತಾನೇ ಇತ್ತು, ಮಾಲಿನಿ ಒರೆಸ್ತಾನೇ ಇದ್ಲು.

“ಅಲ್ಲಿಗೆ ಮುಗೀತು ಅಂದ್ಕೊಂಡೆ. ಎಲ್ಲಿ ಮುಗೀತು? ಹೋದ ವಾರದ ಮಳೆಗೆ ಅದು ಗುಬ್ಬಿ ಬಿಟ್ಟು ತುಮಕೂರು ರಸ್ತೆ ಹಿಡೀತು.”

ಅಂಜನ್‌ಕುಮಾರ್ ಆಗಲೇ ಬಾಗಿಲ ಬಳಿ ಹೋಗಿ ನಿಂತಿದ್ದ. ಯಜಮಾನರು ಮೊದಲ ಸಲ ಅವನ ಮುಖ ನೋಡಿದರು. ಆ ನೋಟದಲ್ಲಿ ಕರುಣೆ ಇರಲಿಲ್ಲ.

“ಆವತ್ತು ನಕ್ಕೋನು ಯಾರು ಅಂತಾನೂ ಪ್ರಭು ಹೇಳಿದ್ದ ಕಣಪ್ಪ ಅಂಜನ್. ಮನೆಗೆ ಹೋಗಬೇಕು ಅಂದ್ರೆ ಹೋಗು, ಯಾರೂ ತಡೆಯಲ್ಲ... ಸಂಜೆಯಿಂದ ನಿಮ್ಮ ಮನೆ ಬಾಗಿಲಲ್ಲೇ ನಿನಗೆ ಕಾಯ್ತಾ ನಿಂತಿತ್ತು. ಈಗ ನೋಡು, ನಮ್ಮ ಬೀದಿಗೆ ತಿರುಗ್ತಾ ಇದೆ.”