ಸುರಂಗಕ್ಕೆ ಗಾಳಿ ಊದುವವನು

ಗುಡ್ಡದ ಮೇಲಿನ ನೀಲಿ ಕಲ್ಲಿನ ಗಣಿಗೆ ಹೋಗುವ ಲಾರಿಗೆ ಕಾಯುತ್ತಾ ನಾನು ಕಡಲತೀರದ ಬರಾವೋನ ಸೀಮೆಯ ರಸ್ತೆಬದಿಯ ಕಟ್ಟೆಯ ಮೇಲೆ ತೊಗರಿಕಾಯಿ ಬಿಡಿಸುತ್ತಿದ್ದೆ. ಗಂಡನ ಊಟದ ಡಬ್ಬಿಯನ್ನು ದಿನವೂ ಲಾರಿಯವನ ಕೈಗೆ ಕೊಟ್ಟು ಮನೆಗೆ ಮರಳುವುದು ನನ್ನ ರೂಢಿ. ಪಕ್ಕದಲ್ಲಿ ಪೇಟೆಯ ಬಸ್ಸಿಗೆ ಕಾಯುತ್ತಿದ್ದ ಯಾರೋ ಅತ್ತೆ ಸೊಸೆಯರಿಗೆ ನನ್ನ ಗುರುತಿರಲಿಲ್ಲ.

“ಇಷ್ಟು ಮಳೆ ಹೊಯ್ದಿದೆ ಅತ್ತೆ. ಇವತ್ತು ಸುರಂಗಕ್ಕೆ ಇಳೀಬೇಡ ಅಂತ ಮಗನಿಗೆ ನೀವಾದ್ರೂ ಹೇಳ್ಬಾರ್ದಿತ್ತಾ?”

“ಇಳಿಯದೋನಿಗೆ ನೀಲಿ ಕಲ್ಲಲ್ಲಿ ಪಾಲಿಲ್ಲ ಕಣೇ ಯೊಕಾಸ್ತಾ. ಕಾಫಿಗೆ ತುಕ್ಕು ರೋಗ ಬಡೀತು, ಸಕ್ಕರೆ ಕಾರ್ಖಾನೇಲಿ ವರ್ಷಕ್ಕರ್ಧ ಕೆಲಸ. ಸಮುದ್ರದ ಉಪ್ಪು ನೆಕ್ತೀಯಾ?”

“ಮಳೆಗಿಂತ ನಂಗೆ ಆ ಫೆರ್ಮಿನ್‌ದೇ ಭಯ. ಒಳಗಿರೋರಿಗೆ ಗಾಳಿ ಊದೋ ಯಂತ್ರ ಅವನ ಕೈಲಿದೆ. ಕುಡಿದು ಮಲಗಿಬಿಟ್ರೆ?”

ಫೆರ್ಮಿನ್ ನನ್ನ ಗಂಡ. ಬೆರಳುಗಳು ಕಾಯಿಯ ಮೇಲೆಯೇ ನಿಂತವು.

“ಮೊನ್ನೆನೂ ಮಲಗಿದ್ದ. ಎಚ್ಚರ ಆಯ್ತಲ್ಲ!”

“ಆಗದೇ ಇದ್ದಿದ್ರೆ? ನಾನೇ ಹೋಗಿ ಯಂತ್ರದ ಹತ್ರ ಕೂರ್ತೀನಿ.”

“ಹುಚ್ಚಿ! ಹೆಂಗಸು ಸುರಂಗದ ಬಾಯಿಗೆ ಬಂದ್ರೆ ಕಲ್ಲು ಮಾಯ ಆಗತ್ತೆ ಅಂತಾರೆ. ಆಮೇಲೆ ನಿನ್ನ ಗಂಡನ್ನೇ ಹೊರಗಟ್ಟುತ್ತಾರೆ. ಬಸ್ ಬಂತು, ಹತ್ತು.”

ಅತ್ತೆ ಅವಳ ರಟ್ಟೆ ಹಿಡಿದು ಹತ್ತಿಸಿದಳು. ಬಸ್ಸು ತಿರುವು ದಾಟುವವರೆಗೂ ಸೊಸೆ ಕಿಟಕಿಯಿಂದ ಗುಡ್ಡವನ್ನೇ ನೋಡುತ್ತಿದ್ದಳು.

ಡಬ್ಬಿಯ ಜೊತೆ ಫೆರ್ಮಿನ್ ತರಿಸಿಕೊಳ್ಳುವ ರಮ್ ಬಾಟಲಿ ನನ್ನ ಬುಟ್ಟಿಯಲ್ಲಿತ್ತು. ಅದನ್ನು ತೆಗೆದು ಕಟ್ಟೆಯ ಮೇಲಿನ ತೊಗರಿ ಸಿಪ್ಪೆಯ ರಾಶಿಯಡಿ ತಳ್ಳಿದೆ. ಲಾರಿ ಬಂದು ನಿಂತಿತು. ಚಾಲಕ ಎಂದಿನಂತೆ ಡಬ್ಬಿಗೆ ಕೈ ಚಾಚಿದ. ನಾನು ಕೊಡಲಿಲ್ಲ, ಹಿಂದೆ ಹತ್ತಿ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತೆ.