ಒಂಬತ್ತನೇ ರೀಲು

ಆಫ್ ಮಾಡು ಅಂದೆನಲ್ಲ! ಎಷ್ಟು ಸಲ ಬಡ್ಕೋಬೇಕು ನಿನ್ನ ಹತ್ರ? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯ್ತು ನನ್ನ ಕಥೆ. ರಿಮೋಟ್ ಕೊಡು ಇಲ್ಲಿ. ಕೊಡೇ! ತೊಡೆ ಕೆಳಗೆ ಯಾಕೆ ಬಚ್ಚಿಡ್ತೀಯ, ಚಿಕ್ಕ ಮಗೂನಾ ನೀನು?

ಆ ಲೋಕಲ್ ಚಾನೆಲ್ ನಿರೂಪಕಿ ಏನಂದ್ಲು, ಕೇಳಿಸ್ತೋ ಇಲ್ವೋ? 'ಜನ ನೋಡಿದ ಅತೀ ಕೆಟ್ಟ ಸಿನಿಮಾ.' ನಾನು ಹೇಳಿದ್ದಲ್ಲ, ಈ ಊರಿನ ಜನವೇ ಫೋನ್ ಮಾಡಿ ಮಾಡಿ ಆರಿಸಿದ್ದು. ಏಳು ಭಾನುವಾರದಿಂದ ವಾರಕ್ಕೊಂದು ದರಿದ್ರ ಸಿನಿಮಾ ಹಾಕ್ಕೊಂಡು ಬಂದು, ಇವತ್ತು ಕೊನೇದು, ದರಿದ್ರಗಳಲ್ಲೆಲ್ಲಾ ನಂಬರ್ ಒನ್! ಅಂಥಾದ್ದನ್ನ ಊಟ ಆದಾಗಿಂದ ಗರ ಬಡಿದವಳ ಹಾಗೆ ನೋಡ್ತಾ ಕೂತಿದ್ದೀಯ. ಪಾತ್ರೆ ಎಲ್ಲಾ ಸಿಂಕಲ್ಲೇ ಬಿದ್ದಿವೆ.

ಏನು ಹಾಗೆ ನೋಡ್ತೀಯ? ಇವನಿಗೇನು ಗೊತ್ತು ಸಿನಿಮಾ ಅಂತಾನಾ? ಇಪ್ಪತ್ತಾರು ವರ್ಷ... ಇಪ್ಪತ್ತಾರು ವರ್ಷ ಕಣೇ, ಪ್ರೊಜೆಕ್ಟರ್ ಓಡಿಸಿದವನು ನಾನು! ಈ ಊರು ನಕ್ಕಿದ್ದು, ಅತ್ತಿದ್ದು, ಸಿಳ್ಳೆ ಹಾಕಿದ್ದು ಎಲ್ಲಾ ಮೊದಲು ನನ್ನ ಕೈ ದಾಟಿ ಹೋಗಿದ್ದು. ನೋಡು, ನೋಡು, ಬಲಗಡೆ ಮೇಲಿನ ಮೂಲೆ! ಚುಕ್ಕೆ ಬಂತಲ್ಲ, ಕಂಡ್ಯಾ? ನಿನಗೆಲ್ಲಿ ಕಾಣುತ್ತೆ. ಅದು ನಮ್ಮಂಥವರಿಗೆ ಅಂತ ಹಾಕಿರೋದು. ಮೊದಲ ಚುಕ್ಕೆಗೆ ಎರಡನೇ ಮೆಷಿನ್ ಚಾಲೂ ಮಾಡು, ಎರಡನೇ ಚುಕ್ಕೆಗೆ ಇದನ್ನ ಮುಚ್ಚಿ ಅದನ್ನ ತೆರೆ. ರೀಲು ಬದಲಾಗಿದ್ದು ನರಪಿಳ್ಳೆಗೂ ಗೊತ್ತಾಗಬಾರದು. ಈಗ ಬಂದಿದ್ದು ಏಳನೇ ರೀಲು ಮುಗಿದ ಚುಕ್ಕೆ. ಎಂಟು ಶುರು... ಎದ್ದು ಪಾತ್ರೆ ತೊಳಿ ಹೋಗು.

ಎಂಟರಲ್ಲಿ ಏನಿದೆ ಅಂತ ನಾನೇ ಹೇಳ್ತೀನಿ, ನೋಡೋ ಕಷ್ಟ ತಪ್ಪಲಿ. ಗಂಡ ಕೆಲಸಕ್ಕೆ ಹೊರಡ್ತಾನೆ. ಹೊರಗಿಂದ ಬೀಗ ಹಾಕ್ತಾನೆ. ಇವಳು ಒಳಗೆ ಕೂತು ಅಳ್ತಾಳೆ. ಆಯ್ತು! ಒಂದು ಹಾಡಿಲ್ಲ, ಒಂದು ಹೊಡೆದಾಟ ಇಲ್ಲ, ಹತ್ತು ನಿಮಿಷ ಬರೀ ಬಾಗಿಲು, ಬೀಗ...

ಬೀಗ ಅಂದ ತಕ್ಷಣ ನನ್ನ ಮುಖ ಯಾಕೆ ನೋಡಿದೆ? ಹೌದಮ್ಮಾ, ನಾನೂ ಹಾಕ್ತಿದ್ದೆ. ಯಾರು ಇಲ್ಲ ಅಂದ್ರು? ಮದುವೆಯಾದ ಹೊಸದರಲ್ಲಿ ಶುರು ಮಾಡಿದ್ದು. ಮನೆ ನೋಡಿದ್ರೆ ರಸ್ತೆಗೆ ಅಂಟ್ಕೊಂಡಿದೆ. ಎದುರಿಗೆ ಸೈಕಲ್ ರಿಪೇರಿ ಅಂಗಡಿ, ಅಲ್ಲಿ ಬೆಳಗಿಂದ ರಾತ್ರಿವರೆಗೆ ಹಲ್ಲು ಕಿರಿಯೋ ಪೋಲಿಗಳು. ನಿನ್ನ ಒಳ್ಳೇದಕ್ಕೇ ಹಾಕಿದ್ದು! ಮತ್ತೆ ಪ್ರತಿ ಶುಕ್ರವಾರ ನಾನೇ ಬೀಗ ತೆಗೆದು ಹೊಸ ಸಿನಿಮಾಗೆ ಕರ್ಕೊಂಡು ಹೋಗ್ತಿರಲಿಲ್ವಾ? ಬಾಲ್ಕನಿ, ಕೊನೇ ಸಾಲು, ನನ್ನ ರೂಮಿನ ಕಿಂಡಿ ಕೆಳಗೇ. ಯಾವ ಗಂಡ ಮಾಡ್ತಾನೆ ಹೇಳು! ಟಾಕೀಸು ಮುಚ್ಚಿದ ಮೇಲೆ ಬೀಗನೂ ಬಿಟ್ಟೆ. ನಾನೇ ದಿನವಿಡೀ ಮನೇಲಿ ಕೂತ ಮೇಲೆ ಅದ್ಯಾಕೆ.

ನೀನೂ ಇದನ್ನ ನೋಡಿದ್ದೀಯ, ಮರೆತ್ಯಾ? ಮೊದಲು ಬಿಡುಗಡೆ ಆಗಿದ್ದೇ ನಮ್ಮ ಟಾಕೀಸಲ್ಲಿ. ಮೊದಲ ದಿನ, ಮ್ಯಾಟಿನಿ. ಅಬ್ಬಾ, ಜನ ಹೇಗೆ ಕೂಗಿದ್ರು! ಬಾಗಿಲಿಗೆ ಬೀಗ, ಇವಳು ಒಳಗೆ. ಕಣ್ಣು ಮಿಟುಕಿಸೋದರಲ್ಲಿ ಯಾವುದೋ ಊರಿನ ಬಸ್ ಸ್ಟ್ಯಾಂಡು, ಕೈಯಲ್ಲಿ ಬ್ಯಾಗು, ನಗ್ತಾ ನಿಂತಿದ್ದಾಳೆ! 'ಗೋಡೆ ತೂರ್ಕೊಂಡು ಬಂದ್ಯೇನಮ್ಮಾ?' ಅಂತ ಮುಂದಿನ ಬೆಂಚಿಂದ ಒಬ್ಬ ಕೂಗಿದ ನೋಡು, ಇಡೀ ಟಾಕೀಸು ಗೊಳ್ಳಂತು. ಪರದೆಗೆ ಚಪ್ಪಲಿ ಬಿತ್ತು. ಪೇಪರಿನವನೂ ಅದೇ ಆಟಕ್ಕೆ ಬಂದಿದ್ದ. 'ತಲೆಯಿಲ್ಲ, ಬುಡವಿಲ್ಲ, ನಾಯಕಿಗೆ ಗೋಡೆಯೂ ಅಡ್ಡವಿಲ್ಲ' ಅಂತ ಬರೆದ. ಅದನ್ನ ಓದಿ ಬೇರೆ ಊರಿನ ಟಾಕೀಸಿನವರೂ ಬೇಡ ಅಂದ್ರು. ನಾಲ್ಕೇ ದಿನಕ್ಕೆ ಎತ್ತಂಗಡಿ. ಈಗಲೂ ಸುಳ್ಳು ಹೇಳೋರಿಗೆ ಈ ಊರಲ್ಲಿ 'ಗೋಡೆ ತೂರಬೇಡ' ಅಂತಾರೆ.

ಪಾಪ, ಆ ಡೈರೆಕ್ಟರ್... ಸಣಕಲ ಮನುಷ್ಯ, ದಪ್ಪ ಕನ್ನಡಕ. ಮೆಟ್ಟಿಲು ಹತ್ತಿ ನನ್ನ ರೂಮಿಗೆ ಓಡಿ ಬಂದ. 'ಒಂಬತ್ತನೇ ರೀಲು ಎಲ್ಲಿ? ನನ್ನ ಒಂಬತ್ತನೇ ರೀಲು ಎಲ್ಲಿ?' ಅಂತ ಕೈ ಹಿಡ್ಕೊಂಡ. ಪೆಟ್ಟಿಗೇಲಿ ಬಂದೇ ಇಲ್ಲ ಸ್ವಾಮಿ, ದಾರೀಲಿ ಎಲ್ಲಿ ಬಿತ್ತೋ ಅಂದೆ. ಇನ್ನೊಂದು ತರಿಸೋ ಹೊತ್ತಿಗೆ ಸಿನಿಮಾನೇ ಇರಲಿಲ್ಲ. ಆಮೇಲೆ ಅವನಿಗೆ ಯಾರೂ ಇನ್ನೊಂದು ಸಿನಿಮಾ ಕೊಡಲಿಲ್ಲ. ಈಗ ಅವನ ಮನೆಯವರ ಹತ್ರ ಪೂರ್ತಿ ಪ್ರಿಂಟ್ ಸಿಕ್ಕಿತಂತೆ, ಅದನ್ನೇ ಇವತ್ತು ಹಾಕಿರೋದು...

ಏನು? ಏನಾಯ್ತೀಗ? ನಾನೇನೂ ಮುಚ್ಚಿಡ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು.

ಅಯ್ಯೋ, ಚುಕ್ಕೆ ಬಂತು. ಎಂಟು ಮುಗೀತು. ಸಾಕು, ಆಫ್ ಮಾಡು! ನಾನೇ ಅಡ್ಡ ನಿಲ್ತೀನಿ ಹಾಗಾದ್ರೆ. ನೋಡು, ಈಗೇನು ಮಾಡ್ತೀಯ... ಏಯ್ ತಳ್ಳಬೇಡ! ಮಂಡಿ! ಮಂಡಿ ಕಣೇ! ಥೂ, ನಿನ್ನ...

ಸರಿ. ನೋಡ್ಕೋ. ಕಣ್ಣು ತುಂಬ ನೋಡ್ಕೋ. ಬಂದಿತ್ತು. ಹೌದು, ರೀಲು ಬಂದಿತ್ತು! ನಾನೇ ತೆಗೆದಿಟ್ಟೆ. ಜನರ ಒಳ್ಳೇದಕ್ಕೆ ತೆಗೆದಿಟ್ಟೆ! ಏನಿದೆ ನೋಡು ಅದರಲ್ಲಿ. ಸ್ಕ್ರೂ! ಬಾಗಿಲನ್ನ ಚೌಕಟ್ಟಿಗೆ ಹಿಡಿದಿರೋ ಕೀಲು, ಅದರ ಸ್ಕ್ರೂ ಬಿಚ್ತಾ ಕೂತಿದ್ದಾಳೆ ಮಹಾರಾಯ್ತಿ. ಹಿಡಿ ಮುರಿದ ಚಾಕೂಲಿ. ಮೂರು ಕೀಲು, ಒಂದೊಂದಕ್ಕೆ ನಾಲ್ಕು, ಒಟ್ಟು ಹನ್ನೆರಡು. ಮಾತಿಲ್ಲ ಕತೆಯಿಲ್ಲ. ಹನ್ನೆರಡು ಸ್ಕ್ರೂ ನೋಡೋಕೆ ಯಾವನು ದುಡ್ಡು ಕೊಡ್ತಾನೆ? ಸೀಟು ಹರಿದು ಹಾಕ್ತಿದ್ರು...

ಹಾಗೆ ನೋಡಬೇಡ ಅಂದೆ.

ನಿನಗೋಸ್ಕರ. ಆಯ್ತಾ? ಸಮಾಧಾನ ಆಯ್ತಾ? ಶುಕ್ರವಾರ ಬೆಳಿಗ್ಗೆ ಒಬ್ಬನೇ ಕೂತು ರೀಲು ಪರೀಕ್ಷೆ ಮಾಡ್ತಿದ್ದೆ. ಹನ್ನೆರಡನೇ ಸ್ಕ್ರೂ ಬಿತ್ತು. ಬೀಗ ಹಾಕಿದ ಹಾಗೇ ಇದೆ, ಬಾಗಿಲು ಮಾತ್ರ ಕೀಲಿನ ಕಡೆಯಿಂದ ಬಿಚ್ಕೊಳ್ತು. ಆಗ ಹೊಳೀತು, ಮ್ಯಾಟಿನಿಗೆ ನೀನು ಬಂದು ಕಿಂಡಿ ಕೆಳಗೆ ಕೂತು ಇದನ್ನ ನೋಡ್ತೀಯಲ್ಲಾ ಅಂತ. ನಿನ್ನನ್ನ ಕರ್ಕೊಂಡು ಹೋಗದೇ ಇದ್ರೂ ಪಕ್ಕದ ಮನೆಯವಳು ನೋಡಿ ಬಂದು ಕಿಟಕೀಲಿ ಕಥೆ ಹೇಳ್ತಿದ್ಲು. ಹೋಗಿಬಿಡ್ತೀಯ ಅಂತ ಹೆದರಿದೆ ಕಣೇ. ಅದಕ್ಕೇ ಒಂದು ಆಟದಲ್ಲೂ ಹಾಕಲಿಲ್ಲ. ಒಬ್ಬ ಮನುಷ್ಯನ ಬದುಕು ಹಾಳಾಯ್ತು, ಗೊತ್ತು, ನನಗೇನು ಗೊತ್ತಿಲ್ವಾ...

ಏನಾದ್ರೂ ಹೇಳು! ಬೈ ಬೇಕಾದ್ರೆ. ಅದೇನು ಬೆರಳು ಮಡಚ್ತಾ ಕೂತಿದ್ದೀಯ? ಸ್ಕ್ರೂ ಎಣಿಸ್ತಿದ್ದೀಯಾ? ಐದು... ಆರು... ಏಯ್. ಏಯ್, ಇರು. ಏಳನೇದಕ್ಕೆ ಚಾಕು ಜಾರಿ ಅವಳ ಬೆರಳು ಕುಯ್ಯುತ್ತೆ. ಅದು ಇನ್ನೂ ಕುಯ್ದೇ ಇಲ್ಲ... ಈಗ ಕುಯ್ತು. ನೀನು ಅದಕ್ಕೆ ಮುಂಚೆನೇ ಬೆರಳು ಬಾಯಿಗಿಟ್ಟೆಯಲ್ಲೇ! ನಿನಗೆ ಹೇಗೆ ಗೊತ್ತು? ಈ ಊರಲ್ಲಿ ಈ ರೀಲು ನೋಡಿದವನು ನಾನೊಬ್ಬನೇ. ಯಾರು ಹೇಳಿದ್ರು?

ಮೇಲೆ ಯಾಕೆ ನೋಡ್ತೀಯ... ಅಟ್ಟ.

ಹಳೇ ಹಾಸಿಗೆ ಹಿಂದೆ ಇಟ್ಟಿದ್ದೆ. ಸುಟ್ಟುಹಾಕೋಕೆ ಮನಸ್ಸು ಬರಲಿಲ್ಲ, ರೀಲು ಸುಡೋದು ನಮ್ಮ ಕೈಲಾಗಲ್ಲ... ಕಿಟಕಿ ಯಾಕೆ ತೋರಿಸ್ತೀಯ? ನೀನು ಡಬ್ಬಿ ತೆಗೆದು, ಬೆಳಕಿಗೆ ಹಿಡಿದು... ಒಂದೊಂದೇ ಚಿತ್ರವಾ? ಸಾವಿರ ಅಡಿ ಕಣೇ ಅದು! ಹದಿನಾರು ಸಾವಿರ ಚಿತ್ರ! ಎಷ್ಟು ದಿನ ಬೇಕು ಅದಕ್ಕೆ...

ಹೌದು. ದಿನಕ್ಕೇನು ಕಮ್ಮಿ ಇತ್ತು ನಿನಗೆ.

ಈಗೇನು? ಬಾಗಿಲಲ್ಲೇನಿದೆ? ಇರು, ಕನ್ನಡಕ ಎಲ್ಲಿ... ಟಾಕೀಸು ಮುಚ್ಚೋಕೆ ಮುಂಚೆ ಮೂರು ಸಲ ಬಣ್ಣ ಹೊಡೆಸಿದ್ದೀನಿ ಈ ಬಾಗಿಲಿಗೆ. ಕೀಲಿನ ಸ್ಕ್ರೂ ಮೇಲೆ ಮಾತ್ರ ಬಣ್ಣವೇ ಇಲ್ಲ. ತಲೆ ಎಲ್ಲಾ ಸವೆದು ನುಣ್ಣಗಾಗಿದೆ. ಒಂದು ಸಲ ಬಿಚ್ಚಿದ್ರೆ ಹೀಗೆ ಸವೆಯಲ್ಲ. ಹತ್ತು ಸಲಕ್ಕೂ ಸವೆಯಲ್ಲ. ಬಿಚ್ಚಿದ ಬಾಗಿಲನ್ನ ಎತ್ತಿ ನಿಲ್ಲಿಸೋಕೆ ಒಬ್ಬಳ ಕೈಲಾಗಲ್ಲ, ಇನ್ನಿಬ್ಬರು ಬೇಕು... ಸೈಕಲ್ ಅಂಗಡಿಯವರಾ? ಅವರಾ? ದಿನಾ ನಾನು ಬರೋ ಹೊತ್ತಿಗೆ ಸರಿಯಾಗಿ 'ಬಂದ್ರಾ ಅಣ್ಣಾ' ಅಂತ ಮಾತಾಡಿಸ್ತಿದ್ರಲ್ಲೇ! ನಿನಗೆ ಸೂಚನೆ ಕೊಡೋಕಾ ಅದು? ನಾನು ಗತ್ತಿನಿಂದ ಬೀಗ ತೆಗೀತಿದ್ದೆ. ನೀನು ಒಳಗೆ ಬಟ್ಟೆ ಮಡಚ್ತಾ ಕೂತಿರ್ತಿದ್ದೆ.

ಎಲ್ಲಿಗೆ ಹೋಗ್ತಿದ್ದೆ? ಅಷ್ಟು ವರ್ಷ, ದಿನಾ... ಬೇಡ. ಹೇಳಬೇಡ. ಅದು ಬೇಡ ನನಗೆ. ವಾಪಸ್ಸು ಯಾಕೆ ಬರ್ತಿದ್ದೆ, ಅದನ್ನ ಹೇಳು. ಬಾಗಿಲು ಬಿಚ್ಚಿತ್ತು, ಬಸ್ಸಿತ್ತು, ಕಾಲಿತ್ತು. ನೋಡು, ಹತ್ತನೇ ರೀಲು ಬಂತು, ಅವಳು ಹೋಗೇಬಿಟ್ಲು. ನೀನ್ಯಾಕೆ ಹೋಗಲಿಲ್ಲ?

ಟೀವಿ ಬಿಡು, ಈ ಕಡೆ ನೋಡು. ನೋಡೇ... ನನಗೋಸ್ಕರ ಬರ್ತಿದ್ದೆ ಅಂತ ಒಂದು ಸುಳ್ಳಾದ್ರೂ ಹೇಳೇ.

ಅದೂ ಇಲ್ವಾ?