ಯಾವುದಕ್ಕಿಂತ ಬೆಟರ್?

ತಲೆ ಅಲ್ಲಾಡಿಸ್ಬೇಡ ಅಕ್ಕ! ಕತ್ರಿ ಕಿವಿ ಹತ್ರಾನೇ ಇದೆ. ಗಂಟಲಿನ ಡಾಕ್ಟರ್ ಸಾಲದು ಅಂತ ಕಿವಿ ಡಾಕ್ಟರ್ ಮನೆ ಬಾಗಿಲೂ ತಟ್ಟಬೇಕಾ ಈಗ? ಹೇಳಿದ್ನಲ್ಲ, ಬೆಟರ್ ಅಂದ್ರು. ಇವತ್ತು ಬೆಳಿಗ್ಗೆ, ನೀನು ಅವರ ರೂಮೊಳಗೆ ಚೀಲ ಹುಡುಕ್ತಾ ಇದ್ದಾಗ, ಡಾಕ್ಟರೇ ನನ್ನನ್ನ ಹೊರಗೆ ಕರೆದು... ಬೆಟರ್! ನನ್ನ ಕಿವಿಯಾರೆ ಕೇಳ್ದೆ. ಯಾಕೆ ನಗ್ತೀಯ?

ಓ... ಹೊರಗಡೆ ಬೋರ್ಡ್ ನೆನಪಾಯ್ತಾ! ನಗು, ನಗು. ‘ಮೋರ್ ಬೆಟರ್ ಬ್ಯೂಟಿ ಪಾರ್ಲರ್’ ಅಂತ ಬರೆಸಿದ ದಿನ ನೀನು ಬೀದಿ ಮಧ್ಯೆ ನಿಂತು ಪಾಠ ಮಾಡ್ಲಿಲ್ವಾ? ‘ಬೆಟರ್ ಅಂದ್ರೇನೇ ಹೆಚ್ಚು ಒಳ್ಳೇದು ಕಣೇ, ಅದರ ಮೇಲೆ ಮೋರ್ ಯಾಕೆ? ಕೊಡೆಗೆ ಟೋಪಿ ಹಾಕ್ದಂಗೆ!’ ಏಣಿ ಮೇಲಿದ್ದ ಪೇಂಟರ್ ಇಳಿದು ಬಂದು, ಕೈ ಕಟ್ಕೊಂಡು, ‘ಅಮ್ಮಾ, ಯಾವುದನ್ನ ಅಳಿಸ್ಲಿ’ ಅಂದಿದ್ದ ಪಾಪ. ನಾನು ಅಳಿಸೋಕೆ ಬಿಡ್ತೀನಾ? ಈಗ ನೋಡು, ಬರೋರೆಲ್ಲ ‘ಮೋರ್ ಬೆಟರ್ ಇದ್ದಾರಾ’ ಅಂತಾನೇ ನನ್ನ ಕೇಳ್ತಾರೆ. ನಿನ್ನ ವ್ಯಾಕರಣ ಕೇಳ್ಕೊಂಡು ಯಾರಾದ್ರೂ ಒಂದು ಸಲ ಹುಬ್ಬು ತೀಡಿಸ್ಕೊಂಡಿದ್ದಾರಾ?

ಕಣ್ಣು ಮುಚ್ಚು, ನೀರು ಹೊಡೀತೀನಿ.

ಆ ವ್ಯಾಕರಣದಿಂದಾನೇ ಬಂದಿದ್ದು ಇದೆಲ್ಲ. ಮೂರನೇ ಕ್ಲಾಸಿನ ಆ ಕಪಿಸೈನ್ಯಕ್ಕೆ ಗುಡ್ಡು, ಬೆಟರ್ರು, ಬೆಸ್ಟು ಅಂತ ವರ್ಷಗಟ್ಟಲೆ ಕಿರುಚಿ ಕಿರುಚಿ ಗಂಟಲಲ್ಲಿ ಗಂಟು ಬರಿಸ್ಕೊಂಡೆ. ಆಪರೇಷನ್ ಮಾಡಿ ತೆಗೆದ್ರು. ಎರಡು ವಾರ ತುಟಿ ಪಿಟಕ್ಕನ್ಬೇಡಿ ಅಂದ್ರು. ಆವಾಗ ಭಾವನ ಮುಖ ನೋಡ್ಬೇಕಿತ್ತು ನೀನು! ಮದುವೆ ದಿನಾನೂ ಅಷ್ಟು ಕಳೆ ಇರ್ಲಿಲ್ಲ. ಅಯ್ಯೋ, ಚಿವುಟಬೇಡ್ವೇ, ಕೈಲಿ ಕತ್ರಿ ಇದೆ! ಪೂರ್ತಿ ಕೇಳು. ನಾಲ್ಕೇ ದಿನಕ್ಕೆ ಮನುಷ್ಯ ಮಂಕಾದ್ರು. ಇಲ್ಲಿಗೇ ಬಂದ್ರು, ಇದೇ ಬೆಂಚ್ ಮೇಲೆ ಹೆಂಗಸರ ಮಧ್ಯೆ ಕೂತು, ‘ಮನೇಲಿ ಗಡಿಯಾರದ ಸದ್ದು ಕೇಳಿಸುತ್ತಮ್ಮ’ ಅಂದ್ರು. ಬೈಸ್ಕೊಳ್ಳೋಕೆ ಹಂಬಲಿಸೋ ಗಂಡನ್ನ ನಾನು ಬೇರೆ ಎಲ್ಲೂ ನೋಡಿಲ್ಲ ಬಿಡು.

ಇವತ್ತಿಂದ ಮಾತಾಡ್ಬಹುದು ಅಂದ್ರಲ್ಲ. ‘ಆ ಅನ್ನಿ’ ಅಂದಾಗ ನೀನು... ಹೂಂ, ಅಂದೆ. ಏನೋ ಒಂದು ಬಂತು, ಪಿಸುಮಾತಿನ ಹಾಗೆ. ಮೊದಲ ಸಲ ಅಲ್ವಾ, ತುಕ್ಕು ಹಿಡಿದಿರುತ್ತೆ. ಅದಕ್ಕೇನಂತೆ! ಆದ್ರೆ ಆಮೇಲಿಂದ ಬಾಯೇ ಬಿಟ್ಟಿಲ್ವಲ್ಲ ನೀನು. ಬಸ್ಸಲ್ಲೂ ಇಲ್ಲ, ಇಲ್ಲಿ ಬಂದು ಕೂತ ಮೇಲೂ ಇಲ್ಲ.

ಏನದು? ಒಂದು ಕೈ ಕೆಳಗೆ, ಒಂದು ಕೈ ಮೇಲೆ... ಕ್ಲಾಸಲ್ಲಿ ಮಾಡೋದನ್ನ ನನ್ನ ಮುಂದೆ ಮಾಡ್ತಿದ್ದೀಯಾ! ‘ಯಾವುದಕ್ಕಿಂತ ಬೆಟರ್?’ ಅಂತಾನಾ? ಮೊದಲಿಗಿಂತ! ಇನ್ಯಾವುದಕ್ಕಿಂತ? ಎಲ್ಲಾದಕ್ಕೂ ಒಂದು ‘ಗಿಂತ’ ಬೇಕೇ ಬೇಕಾ ನಿನಗೆ? ನಮ್ಮ ಮಾತು ಎಷ್ಟು ಒಳ್ಳೇದು ನೋಡು. ವಾಸಿ ಅಂದ್ಬಿಟ್ರೆ ಮುಗೀತು. ಜ್ವರ ಪೂರ್ತಿ ಬಿಟ್ರೂ ವಾಸಿ, ಅರ್ಧಕ್ಕೆ ಇಳಿದ್ರೂ ವಾಸಿ. ಇಲ್ಲದಕ್ಕಿಂತ ವಾಸಿ, ಇದ್ದುದರಲ್ಲಿ ವಾಸಿ. ವಾಸಿ ಬೇಡ್ವಾ, ಮೇಲು ಅನ್ನು, ಲೇಸು ಅನ್ನು, ಗುಣ ಆಯ್ತು ಅನ್ನು. ಏನೂ ತೋಚದಿದ್ರೆ ‘ಪರವಾಗಿಲ್ಲ’ ಇದ್ದೇ ಇದೆಯಲ್ಲ! ಆದ್ರೆ ಅದು ಮಾತ್ರ ಕಳ್ಳ ಮಾತು. ಗಿರಾಕಿ ಕನ್ನಡಿ ನೋಡ್ಕೊಂಡು ‘ಪರವಾಗಿಲ್ಲ’ ಅಂದ್ರೆ ಇನ್ನು ಈ ಕಡೆ ತಲೆ ಹಾಕಲ್ಲ ಅಂತಾನೇ ಅರ್ಥ.

ಡಾಕ್ಟರ್ ಅದ್ಯಾವುದನ್ನೂ ಹೇಳ್ಲಿಲ್ಲ. ಬೆಟರ್ ಅಂತ್ಲೇ ಅಂದ್ರು. ಆ ಮನುಷ್ಯನ ತಲೆ ನೋಡಿದ್ಯಾ? ಈ ಕಿವಿಯಿಂದ ಆ ಕಿವಿಗೆ ನಾಲ್ಕೆಳೆ ಕೂದಲು ಎಳೆದು ಅಂಟಿಸ್ಕೊಂಡಿದ್ದಾರೆ, ಹೊಳೆಗೆ ಸೇತುವೆ ಕಟ್ಟಿದ ಹಾಗೆ. ಅದನ್ನೇ ನೋಡ್ತಾ ಅರ್ಧ ಮಾತು ನನ್ನ ಕಿವಿಗೆ ಬೀಳ್ಲೇ ಇಲ್ಲ.

...ಅರ್ಧ ಅಂದ್ನಾ? ಇಲ್ಲ ಇಲ್ಲ, ಪೂರ್ತಿ ಬಿತ್ತು. ಪೂರ್ತಿ.

ಗಲ್ಲ ಕೆಳಗೆ ಮಾಡು. ಹ್ಞಾಂ, ಹಾಗೇ ಇರು. ಇನ್ನೊಂದು ವಿಷಯ... ನಿನ್ನ ಹೆಡ್‌ಮಿಸ್ ಫೋನ್ ಮಾಡಿದ್ರು, ನೀನು ಬಾತ್‌ರೂಮಿಗೆ ಹೋದಾಗ. ಸೋಮವಾರ ಕ್ಲಾಸಿಗೆ ಬರ್ತಾರಾ ಅಂತ ಕೇಳಿದ್ರು. ಬರ್ತಾಳೆ, ಬೆಟರ್ ಆಗಿದೆ ಅಂದೆ. ಹಾಗೆ ಕಣ್ಣು ಬಿಡ್ಬೇಡ! ಮತ್ತೇನು ಹೇಳ್ಬೇಕಿತ್ತು? ದನಿ ಸರಿ ಇಲ್ಲದಿದ್ರೆ ಲೈಬ್ರರಿಗೆ ಹಾಕ್ತಾರಂತೆ. ನೀನು, ಲೈಬ್ರರೀಲಿ! ‘ಸದ್ದು ಮಾಡಬಾರದು’ ಅನ್ನೋ ಬೋರ್ಡ್ ಕೆಳಗೆ, ಬಾಯಿಗೆ ಬೀಗ ಹಾಕ್ಕೊಂಡು! ನನ್ನ ಹತ್ರ ತಿಂಗಳಿಗೊಂದು ಸಲ ಗುಟ್ಟಾಗಿ ಬಣ್ಣ ಹಚ್ಚಿಸ್ಕೊಂಡು ಹೋಗೋ ಹೆಂಗಸು, ನಿನ್ನ ಬಗ್ಗೆ ಹಾಗಂತಾರೆ. ಮುಂದಿನ ಸಲ ಬರ್ಲಿ, ಹಸಿರು ಬಣ್ಣ ಬಳಿದು ಕಳಿಸ್ತೀನಿ.

ನಗಲ್ವಾ? ಇದಕ್ಕೂ ನಗಲ್ವಾ?

ಒಂದು ಮಾತಾಡಕ್ಕ. ಬೈಯಿ. ಸುಳ್ಳಿ ಅನ್ನು, ಕತ್ತೆ ಅನ್ನು. ಅಮ್ಮ ಹೋದ ಮೇಲೆ ನನ್ನ ಬೈದು ಬೈದು ಬೆಳೆಸಿದೋಳು ನೀನು. ಎರಡು ಬೀದಿ ಆಚೆಯಿಂದ ಒಂದು ಸಲ ಕೂಗಿದ್ರೆ ಸಾಕು, ನಾನು ಎಲ್ಲಿದ್ರೂ ಆಟ ಬಿಟ್ಟು ಓಡಿ ಬರ್ತಿದ್ದೆ. ಅಂಥಾ ದನಿ ಇತ್ತು ನಿಂದು... ಇತ್ತು ಅಲ್ಲ, ಇದೆ. ಇದೆ ಅಂದೆ.

ಯಾಕೆ ನನ್ನನ್ನೇ ನೋಡ್ತಿದ್ದೀಯ? ಕನ್ನಡೀಲಿ ನಿನ್ನ ಮುಖ ನೋಡ್ಕೊ, ಕೂದಲು ನೋಡ್ಕೊ. ಈ ಕಡೆ ಸ್ವಲ್ಪ ಉದ್ದ ಆಯ್ತೇನೋ... ಏನು? ಬಾಗಿಲಾ? ಯಾರೂ ಬಂದಿಲ್ವಲ್ಲ. ಈ ಬಾಗಿಲಲ್ಲ? ...ಡಾಕ್ಟರ್ ರೂಮಿನ ಬಾಗಿಲಾ?

ಅಕ್ಕ, ನೀನು ಒಳಗೆ ಚೀಲ ಹುಡುಕ್ತಿದ್ದೆ ತಾನೆ?

ಬಾಗಿಲ ಹಿಂದೇನೇ ನಿಂತಿದ್ಯಾ? ಕೇಳಿಸ್ಕೊಂಡ್ಯಾ? ...ಪೂರ್ತಿ?

ಹಾಗಾದ್ರೆ ಬೆಳಗ್ಗಿಂದ ನಾನು ಇಷ್ಟೆಲ್ಲ ಬಾಯಿ ಬಡ್ಕೊಳ್ತಿದ್ರೂ... ಬಸ್ಸಲ್ಲಿ ಅಷ್ಟು ಹೊತ್ತು ಪಕ್ಕದಲ್ಲೇ ಕೂತ್ಕೊಂಡು... ನೀನು ಮಾತಾಡದೇ ಇದ್ದಿದ್ದು ಗಂಟಲಿಗೋಸ್ಕರ ಅಲ್ಲ. ನನ್ನ ಬಾಯಿಂದ ಬರ್ಲಿ ಅಂತ ಕಾಯ್ತಿದ್ದೆ.

ಸರಿ. ಕೇಳು. ‘ಇದಕ್ಕಿಂತ ಬೆಟರ್ ಆಗಲ್ಲಮ್ಮ. ಇನ್ನು ಇದೇ ದನಿ. ಕ್ಲಾಸ್ ಬಿಡಿಸ್ಬಿಡಿ.’ ಹಾಗಂದ್ರು. ಅಷ್ಟು ಮಾತಲ್ಲಿ ಬೆಟರ್ ಅನ್ನೋದೊಂದನ್ನ ಕಿತ್ಕೊಂಡು ತಂದು ನಿನ್ನ ಕೈಲಿಟ್ಟೆ. ನಿಂಗೆ ಹೇಗಕ್ಕ ಹೇಳ್ಲಿ? ಯಾವ ಬಾಯಲ್ಲಿ ಹೇಳ್ಲಿ?

ಬೇಡ, ನೀನು ನನ್ನ ಕಣ್ಣು ಒರೆಸ್ಬೇಡ, ಕೈ ತುಂಬಾ ಕೂದಲು ಇದೆ... ಹೆಡ್‌ಮಿಸ್‌ಗೆ ನಾನೇ ಫೋನ್ ಮಾಡ್ತೀನಿ. ನಿಜ ಹೇಳ್ತೀನಿ, ಆಣೆಗೂ. ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ.

ಏ, ಫೋನ್ ಯಾಕೆ ಕಿತ್ಕೊಳ್ತೀಯ? ನೀನೇ ಮಾತಾಡ್ತೀಯಾ? ಈಗ್ಲೇ? ಈ ದನೀಲಾ? ಅವರು ಕೇಳಿ ಏನಂದ್ಕೋತಾರೋ...

ರಿಂಗ್ ಆಗ್ತಿದೆ. ತಡಿ ಅಕ್ಕ, ಒಂದು ನಿಮಿಷ ತಡಿ, ಫ್ಯಾನ್ ಆರಿಸ್ತೀನಿ.